ಮುರಿಗೆಯ್ಯ ಕಾರು ತೊಳೆದದ್ದು

ಕೈಯಿಂದ ಕಾರು ತೊಳೆಯಲು ಎಷ್ಟು ಹೊತ್ತು ಬೇಕು? ಆಶ್ರಮದಲ್ಲಿ ಕೇಳುವ ಮಾತೇ ಇದು ಎಂದು ನಗಬೇಡಿ. ಶಂಭುಲಿಂಗಜ್ಜ ಬ್ರಹ್ಮ, ಮಾಯೆ ಎಂದು ಮಾತಾಡಿದವರಲ್ಲ. ಅವರು ಕೇಳುತ್ತಿದ್ದುದು ಇಂಥವನ್ನೇ.

ಆಶ್ರಮವೆಂದರೆ ಮಲಪ್ರಭೆಯ ದಂಡೆಯ ಮೇಲೆ ನಾಲ್ಕು ಕೋಣೆ, ಒಂದು ಬೇವಿನ ಮರ. ಭಕ್ತರೊಬ್ಬರು ತಮ್ಮ ಹಳೆಯ ಬಿಳಿ ಕಾರನ್ನು ಅಲ್ಲಿ ಬಿಟ್ಟುಹೋಗಿದ್ದರು. ಅಜ್ಜ ತಮಗಾಗಿ ಅದನ್ನು ಹತ್ತಿದವರೇ ಅಲ್ಲ. ಸುತ್ತಲಿನ ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರನ್ನು ತಾಲ್ಲೂಕಿನ ಆಸ್ಪತ್ರೆಗೆ ಒಯ್ಯಲು ಇಟ್ಟುಕೊಂಡಿದ್ದರು.

ಓಡಿಸುವವನು ಶಿಷ್ಯ ಮುರಿಗೆಯ್ಯ. ಓಡಿಸಿದವನೇ ತೊಳೆಯಬೇಕು, ಪೈಪು ಹಿಡಿಯದೆ ಕೈಯಿಂದಲೇ ತೊಳೆಯಬೇಕು. ಅದು ಅಲ್ಲಿಯ ಕಟ್ಟಳೆ. ಉಂಡವರ ಎಲೆ ಎತ್ತುವುದೂ ಬಂದವರ ಸೀಟು ಒರೆಸುವುದೂ ಒಂದೇ ಎಂದು ಅಜ್ಜ ಹೇಳುತ್ತಿದ್ದರು.

ತೊಳೆದು ಬಂದವನನ್ನು ಪ್ರತಿ ಸಲ ಕೇಳುತ್ತಿದ್ದರು.

"ಎಷ್ಟು ಹೊತ್ತು ಹಿಡೀತೋ?"

"ಅರ್ಧ ತಾಸು, ಅಜ್ಜಾರ."

"ಆತು. ಉಣ್ಣು ಹೋಗು."

ಯಾಕೆ ಕೇಳುತ್ತಾರೆಂದು ಮುರಿಗೆಯ್ಯ ತಲೆ ಕೆಡಿಸಿಕೊಂಡಿರಲಿಲ್ಲ. ಮುದುಕರಿಗೆ ಏನೋ ಒಂದು ಮಾತು ಬೇಕು ಎಂದುಕೊಂಡಿದ್ದ.

ಮುರಿಗೆಯ್ಯ ಒಳ್ಳೆಯವನೇ. ಪೂಜೆ ಮಾಡುವ ಅಯ್ಯನೋರ ಮನೆಯ ಮಗ, ಇಂಪಾದ ಕಂಠ. ಸೋಮವಾರದ ಪ್ರವಚನದಲ್ಲಿ ಅವನು ಎಲ್ಲರೂ ಒಂದೇ ಎಂದು ಹೇಳುವಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನಿಗೂ ಕಣ್ಣು ತುಂಬುತ್ತಿತ್ತು. ಅದು ನಾಟಕವಲ್ಲ. ನಾಟಕವಾಗಿದ್ದರೆ ಈ ಕಥೆ ಹೇಳುವ ಗೋಜೇ ನನಗೆ ಇರಲಿಲ್ಲ.

ಒಮ್ಮೆ ಸಾಹುಕಾರರ ಮಗ ಮದುವೆಯ ಊಟ ಹೆಚ್ಚಾಗಿ ಹೊಟ್ಟೆ ಹಿಡಿದುಕೊಂಡು ಬಿದ್ದ. ಆಸ್ಪತ್ರೆ ಮುಟ್ಟುವ ತನಕ ಸೀಟಿನ ಮೇಲೆಲ್ಲ ಕಕ್ಕಿದ. ಮುರಿಗೆಯ್ಯ ಹಾಡು ಗುನುಗುತ್ತ ತೊಳೆದ. ಅವತ್ತೂ ಅರ್ಧ ತಾಸೇ.

ಆಮೇಲೆ ಒಂದು ದಿನ ಕೆಂಚವ್ವನನ್ನು ಒಯ್ಯಬೇಕಾಯಿತು.

ಕೆಂಚವ್ವ ಊರ ಹೊರಗಿನ ಕೇರಿಯವಳು. ಊರಿನ ಹೋಟೆಲಿನಲ್ಲಿ ಇವತ್ತಿಗೂ ಯಾರ ಲೋಟ ಬೇರೆ ಇರುತ್ತದೋ, ಆ ಕೇರಿ. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು. ಬಸ್ಸು ನಿಲ್ಲುವ ಜಾಗದ ತನಕ ನಡೆಯುವ ಶಕ್ತಿ ಅವಳಿಗಿರಲಿಲ್ಲ. ಮಗಳು ಮಾಯವ್ವ ಬಂದು ಕೇಳಿದಳು. ಅಜ್ಜ ಹೂಂ ಅಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಹುಣ್ಣು ನೋಡಿ ಮುಖ ಗಂಟಿಕ್ಕಿದರು. "ದಿನ ಬಿಟ್ಟು ದಿನ ಡ್ರೆಸಿಂಗ್ ಆಗಬೇಕು. ತಪ್ಪಿಸಿದರೆ ಕಾಲಿಗೇ ಸಂಚಕಾರ."

"ನಾ ಕರ್ಕೊಂಡು ಬರ್ತೀನ್ರಿ," ಎಂದು ಮುರಿಗೆಯ್ಯ ತಾನಾಗಿಯೇ ಹೇಳಿದ.

ಅವರನ್ನು ಕೇರಿಯಲ್ಲಿ ಇಳಿಸಿ, ಕಾರನ್ನು ಹೊಳೆಯ ದಂಡೆಗೆ ತಂದ.

ಮೊದಲು ನೀರು ಹಾಕಿದ. ಆಮೇಲೆ ಸೋಪು. ಹಿಂದಿನ ಸೀಟು ತಿಕ್ಕಿದ, ಒರೆಸಿದ. ಸಾಲದು ಅನ್ನಿಸಿತು. ಮತ್ತೆ ಸೋಪು, ಮತ್ತೆ ನೀರು. ದನದ ಕೊಟ್ಟಿಗೆಗೆ ಹೋಗಿ ಗೋಮೂತ್ರ ತಂದು ಸೀಟಿಗೆ ಚಿಮುಕಿಸಿದ. ಯಾಕೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಮನೆಯಲ್ಲಿ ಅವನ ಅಜ್ಜಿ ಹಾಗೆ ಮಾಡುತ್ತಿದ್ದಳು. ಕೈಗೆ ಆ ಕೆಲಸ ರೂಢಿಯಿತ್ತು.

ತಿರುಗಿ ನೋಡಿದರೆ ಮಾಯವ್ವ ನಿಂತಿದ್ದಾಳೆ. ಆಶ್ರಮದ ಅಡುಗೆಗೆಂದು ಒಂದು ಸಿವುಡು ಮೆಂತ್ಯೆ ಸೊಪ್ಪು ತಂದಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಅಷ್ಟು ಹೊಲಸಾಗಿತ್ತೇನ್ರಿ?" ಎಂದಳು.

"ಇಲ್ಲವ್ವ. ದಾರ್ಯಾಗ ಧೂಳು ಭಾಳ."

"ಧೂಳು ಒಳಗ ಕುಂತಿತ್ತೇನ್ರಿ?"

ಮುರಿಗೆಯ್ಯನ ಕೈಯಲ್ಲಿ ಗೋಮೂತ್ರದ ತಂಬಿಗೆ ಇತ್ತು. ಅದನ್ನು ಬೆನ್ನ ಹಿಂದೆ ಸರಿಸಿದ. ಮಾಯವ್ವ ಅದನ್ನೂ ನೋಡಿದಳು.

"ಸೀಟಿಗೆ ಹತ್ತಬಾರದಂತ ಅವ್ವ ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಕೊಂಡಿದ್ಲಲ್ರಿ," ಎಂದು ಮೆಲ್ಲಗೆ ಹೇಳಿ ಹೊರಟುಹೋದಳು. ಸೊಪ್ಪು ಕೊಡಲಿಲ್ಲ. ಅದನ್ನೂ ಹೀಗೇ ತೊಳೆದಾರು ಎಂದುಕೊಂಡಿರಬೇಕು, ಪಾಪ.

ಹೊತ್ತು ಇಳಿದ ಮೇಲೆ ಮುರಿಗೆಯ್ಯ ಕಾರನ್ನು ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದ. ಅಜ್ಜ ಕಟ್ಟೆಯ ಮೇಲೆ ಕೂತಿದ್ದರು.

"ಎಷ್ಟು ಹೊತ್ತು ಹಿಡೀತೋ?"

"ಅರ್ಧ ತಾಸು, ಅಜ್ಜಾರ."

ಅಜ್ಜ ಎದ್ದು ಬಂದರು. ಹಿಂದಿನ ಬಾಗಿಲು ತೆಗೆದು ಆ ಒದ್ದೆ ಸೀಟಿನ ಮೇಲೆ ಕೂತುಬಿಟ್ಟರು. ಧೋತ್ರ ತೊಯ್ದು ಮೈಗೆ ಅಂಟಿಕೊಂಡಿತು. ಗೋಮೂತ್ರದ ವಾಸನೆ ಇನ್ನೂ ಹೋಗಿರಲಿಲ್ಲ.

"ಸಾಹುಕಾರರ ಮಗ ಕಕ್ಕಿದ ದಿನ ಅರ್ಧ ತಾಸು ಹಿಡದಿತ್ತು," ಎಂದರು ಅಜ್ಜ. "ಇವತ್ತು ಮಧ್ಯಾಹ್ನ ಹ್ವಾದಾಂವ ಈಗ ಬಂದಿ. ಅಕಿ ಏನು ಮಾಡಿದ್ಲು?"

"ಏನೂ ಮಾಡ್ಲಿಲ್ರಿ."

"ಕಕ್ಕಿದ್ಲೇನು?"

"ಇಲ್ರಿ."

"ಹುಣ್ಣಿನ ಕೀವು ಬಿತ್ತೇನು?"

"ಇಲ್ರಿ, ಅಜ್ಜಾರ. ಸುಮ್ನ ಕುಂತಿದ್ಲು ಅಷ್ಟ."

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ತಲೆ ಎತ್ತಲಾಗಲಿಲ್ಲ.

ಅಜ್ಜ ಸೀಟು ಬಿಟ್ಟು ಇಳಿದರು. "ಹೆಂಗ ಕುಂತಿದ್ಲು? ಕುಂತು ತೋರಸು."

ಮುರಿಗೆಯ್ಯ ಒಳಗೆ ಸೇರಿದ. ಸೀಟಿನ ತುದಿಗೆ ಬಂದು, ಬೆನ್ನು ಹಚ್ಚದೆ, ಹಿಮ್ಮಡಿ ಎತ್ತಿ, ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡು ಕೂತ. ಕೆಂಚವ್ವ ಹೋಗುವಾಗಲೂ ಬರುವಾಗಲೂ ಹಾಗೇ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಸೊಂಟ ಹಿಡಿಯಿತು. ತೊಡೆ ನಡುಗಿತು. ಕಾರು ನಿಂತಲ್ಲೇ ನಿಂತಿತ್ತು, ರಸ್ತೆಯ ಒಂದು ತಗ್ಗೂ ಇಲ್ಲ, ಕಾಲಿನಲ್ಲಿ ಹುಣ್ಣೂ ಇಲ್ಲ.

ಆಗ ಅವನಿಗೆ ಇನ್ನೊಂದು ನೆನಪಾಯಿತು. ಬೆಳಿಗ್ಗೆ ಗಾಡಿ ಹೊಡೆಯುತ್ತ ಕನ್ನಡಿಯಲ್ಲಿ ಅವಳು ಹಾಗೆ ಮುದುಡಿ ಕೂತದ್ದನ್ನು ನೋಡಿ, ಪರವಾಗಿಲ್ಲ, ತಿಳಿವಳಿಕೆಯ ಹೆಂಗಸು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ. ಮಾಯವ್ವ ಕಂಡದ್ದು ತಂಬಿಗೆಯನ್ನು ಮಾತ್ರ. ಈ ಮೆಚ್ಚುಗೆ ಯಾರಿಗೂ ಕಂಡಿರಲಿಲ್ಲ. ಅದೇ ಅವನನ್ನು ಹೆಚ್ಚು ಸುಟ್ಟಿತು.

ಅಜ್ಜ ಅದೇ ತೊಯ್ದ ಧೋತ್ರದಲ್ಲಿ ಪೂಜೆಗೆ ಹೊರಟರು.

"ಅಜ್ಜಾರ, ಧೋತ್ರ ಬದಲಿಸ್ಕೋರಿ."

"ಯಾಕ?"



ದಿನ ಬಿಟ್ಟು ಮರುದಿನ ಕೇರಿಗೆ ಕಾರು ಒಯ್ದ. ಗುಡಿಸಲಿನ ಬಾಗಿಲು ಮುಂದೆ ಮಾಡಿತ್ತು. ಮಾಯವ್ವ ಹೊರಗೆ ಬಂದಳು.

"ಅವ್ವ ಬರಂಗಿಲ್ಲಂತ್ರಿ."

"ಡಾಕ್ಟರು ಹೇಳ್ಯಾರಲ್ಲವ್ವ."

"ಹೇಳ್ಯಾರ್ರಿ. ದಿನಾ ಕೂತು ತೊಳ್ಯಾಕ ನಿಮಗ ಹೊತ್ತೆಲ್ಲಿ ಐತಿ ಅಂತ ಅವ್ವ ಅಂತಾಳ."

ಹಾಗೆಂದವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮುರಿಗೆಯ್ಯ ಬದುಕಿಕೊಳ್ಳುತ್ತಿದ್ದ.

ಖಾಲಿ ಕಾರು ತಂದು ನಿಲ್ಲಿಸಿ, ಕೋಣೆ ಸೇರಿ ಬಾಗಿಲು ಹಾಕಿಕೊಂಡ. ಅಜ್ಜನಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಊಟ ಬಿಟ್ಟ. ಜಪಮಣಿ ಹಿಡಿದು ಕೂತ. ತಾನೆಂಥ ಪಾಪಿ ಎಂದು ಅತ್ತ. ಮರುದಿನವೂ ಅತ್ತ. ಮುಂದಿನ ಡ್ರೆಸಿಂಗಿನ ದಿನ ಬಂತು, ಅವತ್ತೂ ಹೊರಗೆ ಬರಲಿಲ್ಲ.

ಅಜ್ಜ ಬಂದು ಬಾಗಿಲು ತಟ್ಟಿದರು.

"ಗಾಡಿ ಇಲ್ಲೇ ನಿಂತೈತಿ?"

ಮುರಿಗೆಯ್ಯ ನಡೆದದ್ದನ್ನೆಲ್ಲ ಹೇಳಿದ. "ಯಾವ ಮುಖ ಹೊತ್ತು ಮತ್ತ ಹೋಗ್ಲಿ, ಅಜ್ಜಾರ? ನನಗ ಭಾಳ ನಾಚಿಕಿ ಆಗೇತಿ."

"ಪಟ್ಟಿ ಕಟ್ಟೋದು ಅಕಿ ಕಾಲಿಗೆ," ಎಂದರು ಅಜ್ಜ. "ನಿನ್ನ ಮುಖಕ್ಕಲ್ಲ."

ಮುರಿಗೆಯ್ಯ ಬೆಚ್ಚಿಬಿದ್ದ. ಇಷ್ಟು ದಿನ ಅತ್ತದ್ದರಲ್ಲಿ ಆ ಕಾಲು ಒಂದು ಸಲವೂ ಅವನ ನೆನಪಿಗೆ ಬಂದಿರಲಿಲ್ಲ.

"ಈಗೇ ಹೋಗ್ತೀನ್ರಿ. ಅಕಿ ಕಾಲಿನ ಮ್ಯಾಲ ಬಿದ್ದು ತಪ್ಪಾತು ಅಂತೀನಿ."

"ಅದು ಮೊದಲ ನೋಯೋ ಕಾಲು. ಅದರ ಮ್ಯಾಲ ನಿನ್ನ ತಲಿ ಭಾರ ಯಾಕ ಹಾಕ್ತಿ?"

"ಮತ್ತೇನು ಮಾಡ್ಲಿ?"

"ಅಕಿ ಮಗಳಿಗೆ ಧೂಳು ಅಂದಿದ್ದಿ."

ಮುರಿಗೆಯ್ಯ ಕೀಲಿಕೈ ತೆಗೆದುಕೊಂಡು ಓಡಿದ.

ಕೇರಿಯ ಕಟ್ಟೆಯ ಮೇಲೆ ಜನ ಕೂತಿದ್ದರು. ಕಾರು ನೋಡಿ ಎದ್ದು ನಿಂತರು. ಗುಡಿಸಲಿನ ಮುಂದೆ ಮಾಯವ್ವ ನೀರು ಕಾಸುತ್ತಿದ್ದಳು. ಅವಳೊಬ್ಬಳಿಗೇ ಪಿಸುಗುಟ್ಟಿ ಮುಗಿಸಿಬಿಡಬಹುದಿತ್ತು. ಆ ಆಸೆಯೂ ಅವನಿಗೆ ಬಂತು. ಆದರೆ ಎಲ್ಲರಿಗೂ ಕೇಳುವಂತೆಯೇ ಹೇಳಿದ.

"ಅವತ್ತು ಧೂಳು ಇರಲಿಲ್ಲವ್ವ. ನಿಮ್ಮವ್ವ ಕುಂತಿದ್ಲು ಅಂತ ತೊಳದೆ. ಗೋಮೂತ್ರ ಹಾಕಿದೆ. ಕೇಳಿದ್ದಕ್ಕ ಸುಳ್ಳು ಹೇಳಿದೆ. ತಪ್ಪು ನಂದು. ನನ್ನ ತಪ್ಪಿಗೆ ಅಕಿ ಕಾಲು ಕೆಡಬಾರದು."



"ನಮಗ ಗೊತ್ತಿತ್ರಿ," ಎಂದಳು ಮಾಯವ್ವ. "ನಿಮಗ ಗೊತ್ತಿದ್ದಿಲ್ಲ, ಅಷ್ಟ."

ಒಳಗಿನಿಂದ ಕೆಂಚವ್ವನ ದನಿ ಬಂತು. "ಏ ಮಾಯಿ, ಮಾತು ಸಾಕು. ಕಾಲು ಭಾಳ ಜಗ್ಗಾಕತ್ತೈತಿ. ನನ್ನ ಎಬ್ಬಸು."

ಕ್ಷಮಿಸಿದಳು ಎಂದು ತಿಳಿಯಬೇಡಿ. ಕಾಲು ನೋಯುತ್ತಿತ್ತು, ಬಂದಳು. ಮುರಿಗೆಯ್ಯ ಕೈ ಚಾಚಿದ. ಅವಳು ಮಗಳ ಹೆಗಲು ಹಿಡಿದು ಕಾರು ಹತ್ತಿದಳು.

ಡಾಕ್ಟರು ಪಟ್ಟಿ ಬಿಚ್ಚಿ ನೋಡಿದರು. ಕಾಲಿನ ಹೆಬ್ಬೆರಳು ಕಪ್ಪಾಗಿತ್ತು.

"ಹೇಳಿದ ದಿನ ಯಾಕೆ ಬರಲಿಲ್ಲ?"

ಮಾಯವ್ವ ಮುರಿಗೆಯ್ಯನ ಕಡೆ ನೋಡಲಿಲ್ಲ. ನೋಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನ್ನಿಂದ ತಪ್ಪಿತ್ರಿ," ಎಂದ ಮುರಿಗೆಯ್ಯ.

ಬೆರಳು ತೆಗೆದರು. ಕಾಲು ಉಳಿಯಿತು.

ಆಸ್ಪತ್ರೆಯಿಂದ ಅವಳನ್ನು ಮನೆಗೆ ಕಳಿಸಿದ ಮೇಲೂ ಡ್ರೆಸಿಂಗ್ ನಡೆದೇ ಇತ್ತು. ಮುರಿಗೆಯ್ಯ ಒಂದು ದಿನವೂ ತಪ್ಪಿಸಲಿಲ್ಲ. ಕೇರಿಗೆ ಹೋಗುವಾಗ ಹಾರ್ನ್ ಬಾರಿಸದೆ ಇಳಿದು ಬಾಗಿಲ ತನಕ ನಡೆದು ಹೋಗುತ್ತಿದ್ದ. ತಗ್ಗು ಬಂದಲ್ಲಿ ಗಾಡಿ ನಿಧಾನ ಮಾಡುತ್ತಿದ್ದ. ಸೀಟಿಗೆ ಮೆತ್ತನೆಯ ಕೌದಿ ಹಾಸಿದ. ತೊಳೆಯುವ ದಿನ ಉಳಿದವರ ಧೂಳು ತೊಳೆದಂತೆಯೇ ತೊಳೆದ. ಒಮ್ಮೊಮ್ಮೆ ಕೈ ಇನ್ನೊಂದು ತಂಬಿಗೆ ನೀರಿಗೆ ತಾನಾಗಿ ಹೋಗುತ್ತಿತ್ತು. ಆಗ ತಂಬಿಗೆ ಕೆಳಗಿಟ್ಟು ಸುಮ್ಮನೆ ಕೂತುಬಿಡುತ್ತಿದ್ದ.

ಕೆಂಚವ್ವ ಮಾತ್ರ ಮೊದಲಿನ ಹಾಗೇ ಕೂರುತ್ತಿದ್ದಳು. ಸೀಟಿನ ತುದಿಯಲ್ಲಿ, ಬೆನ್ನು ಹಚ್ಚದೆ. ಕೌದಿಯನ್ನು ಮಡಚಿ ಪಕ್ಕಕ್ಕೆ ಇಡುತ್ತಿದ್ದಳು.

"ಆರಾಮಾಗಿ ಒರಗಿಕೋ ಬೇ," ಎಂದು ಒಂದು ಸಲ ಹೇಳಿದ.

"ಇರ್ಲಿ ಬಿಡ್ರಿ," ಎಂದಳು.

ಇನ್ನೊಂದು ಸಲ ಹೇಳಿದ. ಆಗಲೂ ಇರ್ಲಿ ಬಿಡ್ರಿ ಎಂದಳು. ಮೂರನೆಯ ಸಲ ಹೇಳಲು ನಾಚಿಕೆಯಾಯಿತು. ಹೇಳುವುದು ಬಿಟ್ಟು ಕನ್ನಡಿಯಲ್ಲಿ ನೋಡತೊಡಗಿದ. ಊರು ದಾಟಿದಾಗ ನೋಡುತ್ತಿದ್ದ, ಸೇತುವೆ ಬಂದಾಗ ನೋಡುತ್ತಿದ್ದ. ಬೆನ್ನು ನೆಟ್ಟಗೇ ಇರುತ್ತಿತ್ತು.

ಮಳೆಗಾಲ ಮುಗಿದು ಹೊಳೆ ಇಳಿಯಿತು. ಹುಣ್ಣು ಮಾಯುತ್ತ ಬಂತು. ಒಂದು ಸಂಜೆ ಮುರಿಗೆಯ್ಯ ತಡೆಯಲಾರದೆ ಅಜ್ಜನ ಹತ್ತಿರ ಬಂದು ಕೂತ.

"ಅಜ್ಜಾರ, ತಪ್ಪು ಒಪ್ಕೊಂಡೆ. ಮಂದಿ ಮುಂದ ಹೇಳಿದೆ. ಒಂದು ದಿನಾನೂ ತಪ್ಪಿಸಿಲ್ಲ. ಕೌದಿ ಹಾಸೀನಿ."

"ಹೂಂ."

"ಆದ್ರೂ ಅಕಿ ಒರಗೋದಿಲ್ಲ. ಅಕಿ ಒಂದು ಸಲ ಬೆನ್ನು ಹಚ್ಚಿ ಕುಂತ್ಲು ಅಂದ್ರ ನನ್ನ ಎದಿ ಭಾರ ಇಳೀತೈತಿ. ದಾರಿಯುದ್ದಕ್ಕೂ ಕನ್ನಡ್ಯಾಗ ಅದನ್ನ ನೋಡ್ಕೋತ ಹೋಗ್ತೀನಿ. ಯಾವಾಗ ಒರಗ್ತಾಳ್ರಿ?"

ಅಜ್ಜ ಅವನ ಬೆನ್ನಿನ ಮೇಲೆ ಕೈ ಇಟ್ಟರು.

"ಅದು ಅಕಿ ಬೆನ್ನು, ಮುರಿಗೆಯ್ಯ. ನೀ ಮುಂದ ನೋಡಿ ಗಾಡಿ ಹೊಡಿ."