ಸೀಸರ್ ಲಸಿಕೆ ಹಾಕಿಸಿಕೊಂಡದ್ದು

ಮರಿಯಾಗಿದ್ದಾಗ ಹಾಕಿಸಿಕೊಂಡ ಹುಚ್ಚುನಾಯಿ ರೋಗದ ಲಸಿಕೆಯ ಬಗ್ಗೆ ಸೀಸರ್ ಎಂಬ ಸಾಕುನಾಯಿಗೆ ಬಹಳ ಹೆಮ್ಮೆ. ಆಮೇಲೆ ಪ್ರತಿ ವರ್ಷ ಡಾಕ್ಟರು ಬಂದಾಗ ಮಾತ್ರ ಅದು ಮಂಚದಡಿ ನುಸುಳಿ ಊಳಿಡುತ್ತಿತ್ತು. ಮನೆಯೊಡತಿ ವನಮಾಲಾ ಕನಿಕರಪಟ್ಟು, "ಪಾಪ, ಮುಂದಿನ ವರ್ಷ ನೋಡೋಣ" ಎಂದು ಡಾಕ್ಟರಿಗೆ ಕಾಫಿ ಕೊಟ್ಟು ಕಳಿಸುತ್ತಿದ್ದಳು. ಹೀಗೇ ನಾಲ್ಕು ವರ್ಷ ಕಳೆದವು.

ಒಂದು ಬೆಳಿಗ್ಗೆ ಬೀದಿಗೆ ಲಸಿಕೆಯ ವ್ಯಾನು ಬಂತು. ಬೂದಿ ಎಂಬ ಬೀದಿನಾಯಿ ಬಲೆಗೆ ಸಿಕ್ಕು, ಸೂಜಿ ಚುಚ್ಚಿಸಿಕೊಂಡು, ಕುಂಟುತ್ತ ಗೇಟಿನ ಬಳಿ ಬಂತು.

"ಮತ್ತೆ ಚುಚ್ಚಿದರೇ? ಹೋದ ವರ್ಷ ತಾನೇ ಆಗಿತ್ತಲ್ಲ!" ಎಂದಿತು ಸೀಸರ್.

"ವರ್ಷ ಕಳೆದರೆ ಅದರ ಬಲ ಇಳಿಯುತ್ತದಂತೆ. ತಮ್ಮದು ಯಾವಾಗ?"

"ಒಳ್ಳೆಯ ತಳಿಗೆ ಒಮ್ಮೆ ಹಾಕಿದರೆ ಸಾಕು."

ಮರುವಾರ ಹುಚ್ಚುನಾಯಿಯೊಂದು ಓಡಿಬಂದು ಬೂದಿಯ ಕಾಲನ್ನೂ, ಗೇಟಿನ ಸಂದಿಯಲ್ಲಿ ತೂರಿಸಿದ್ದ ಸೀಸರನ ಮೂತಿಯನ್ನೂ ಕಚ್ಚಿತು. ವ್ಯಾನಿನವರು ಬೂದಿಯ ಗಾಯ ತೊಳೆದು, ಇನ್ನೊಂದೆರಡು ಸೂಜಿ ಹಾಕಿದರು. ಸೀಸರನ ಲಸಿಕೆಪುಸ್ತಕ ತಿರುವಿದ ಡಾಕ್ಟರ ಮುಖ ಕಪ್ಪಿಟ್ಟಿತು.

"ನಾಲ್ಕು ವರ್ಷ ಖಾಲಿ ಬಿಟ್ಟಿದ್ದೀರಲ್ಲಮ್ಮ! ಈಗ ಒಂದೇ ತಿಂಗಳಲ್ಲಿ ಐದು ಚುಚ್ಚಬೇಕು. ಆಮೇಲೂ ಆರು ತಿಂಗಳು ಗೂಡಿನಲ್ಲಿಟ್ಟು ನೋಡಬೇಕು. ಉಳಿದರೆ ಅದರ ಪುಣ್ಯ."

ಗೂಡಿನಲ್ಲಿ ಸೀಸರ್ ದಿನವೂ ಕಣ್ಣು ಬಿಟ್ಟೊಡನೆ ನೀರಿನ ಬಟ್ಟಲ ಹತ್ತಿರ ಹೋಗಿ, ಹುಚ್ಚು ಹಿಡಿದವರಂತೆ ತನಗೂ ನೀರು ಕಂಡರೆ ಭಯವಾಗುತ್ತಿದೆಯೇ ಎಂದು ನಡುಗುತ್ತ ನೋಡಿಕೊಳ್ಳುತ್ತಿತ್ತು. ಆರು ತಿಂಗಳು ಕಳೆದು, ಹೇಗೋ ಬದುಕಿ ಹೊರಬಂತು.

"ತಮಗೆ ಐದು ಚುಚ್ಚಿದರಂತೆ, ಹೌದೇ?" ಎಂದು ಬೂದಿ ಮರುಕದಿಂದ ಕೇಳಿತು.

ಸೀಸರ್ ಎದೆ ಸೆಟೆಸಿ ನಿಂತಿತು. "ಹೌದು. ನಿಮ್ಮಂಥವರಿಗೆ ವರ್ಷಕ್ಕೊಂದು. ನಮ್ಮಂಥವರಿಗೆ ತಿಂಗಳಿಗೆ ಐದು."