ಬಾವಿ ನೀರಿನ ಪ್ರಶ್ನೆ

“ಉಸ್ತಾದರೇ, ಈ ಹೆದರಿಕೆ ಯಾವಾಗ ಹೋಗುತ್ತದೆ?” ಎಂದು ಶಿಷ್ಯ ಶುಐಬ್ ಕೇಳಿದ.

ಬೆಳಗಿನ ನಮಾಜು ಮುಗಿದಿತ್ತು. ಅಂದಿನಿಂದ ಮಸೀದಿಯ ನಡುಗಂಬಕ್ಕೆ ಒರಗಿ ಕುಳಿತು ಅವನೇ ಪಾಠ ಹೇಳಬೇಕಿತ್ತು. ಆ ಕಂಬದ ಬುಡಕ್ಕೆ ಯಾರು ಬೇಕಾದರೂ ಬಂದು ಕೂರಬಹುದು, ಏನು ಬೇಕಾದರೂ ಕೇಳಬಹುದು. ಎದ್ದು ಹೋಗು ಎನ್ನುವಂತಿಲ್ಲ. ತಪ್ಪು ಹೇಳಿಬಿಟ್ಟರೆ ಏನು ಗತಿ?

“ಕೂತುಕೋ ಮಾರಾಯ, ಇನ್ನೂ ಯಾರೂ ಬಂದಿಲ್ಲವಲ್ಲ” ಎಂದು ಉಸ್ತಾದರು ಕತೆ ಹೇಳಿದರು.

ಒಂದೂರಿನ ಮಸೀದಿಯಲ್ಲಿ ಒಬ್ಬ ವಿದ್ವಾಂಸನಿದ್ದ. ಮೊದಮೊದಲು ಅವನೂ ಶುದ್ಧ ಪುಕ್ಕಲ. ಯಾರಾದರೂ ಒಂದು ಕೇಳಿದರೆ ತಾನು ತಿರುಗಿ ಹತ್ತು ಕೇಳುವನು. ಗೊತ್ತಿಲ್ಲದ್ದಕ್ಕೆ ‘ನಾಳೆ ಬಾ’ ಎಂದು ಕಳಿಸಿ ಗ್ರಂಥ ಹುಡುಕುತ್ತ ಕೂರುವನು. ಕಾಲ ಕಳೆಯಿತು, ಹೆಸರು ಬಂತು. ಕೇಳುವವನು ಬಾಯಿ ತೆರೆಯುವಷ್ಟರಲ್ಲಿ ಉತ್ತರ ಕೊಡುವ ಹಾಗಾದ. ಹೆದರಿಕೆ ಎಲ್ಲಿಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಒಂದು ದಿನ ಒಬ್ಬ ರೈತ ಬಂದ. “ನಮ್ಮ ಕೇರಿಯ ಬಾವಿಯಲ್ಲಿ ಇಲಿ ಸತ್ತು ಬಿದ್ದಿದೆ ಸಾಹೇಬರೇ. ನೀರು ಕುಡಿಯಬಹುದೇ?” ಎಂದ.

ಇಲಿ ಆಗತಾನೇ ಸತ್ತಿದ್ದರೆ ಒಂದು ಕ್ರಮ. ಉಬ್ಬಿ ಕೊಳೆತಿದ್ದರೆ ಬಾವಿಯನ್ನೇ ಬರಿದು ಮಾಡಬೇಕು. ಹೊಸದಾಗಿ ಕಲಿಯಲು ಬಂದವರಿಗೂ ಗೊತ್ತಿರುವ ಪಾಠ ಇದು. ಇಲಿ ಹೇಗಿದೆ ಎಂದು ವಿದ್ವಾಂಸ ಕೇಳಲೇ ಇಲ್ಲ. “ಅದನ್ನು ತೆಗೆದು ಒಂದಷ್ಟು ಕೊಡ ನೀರು ಸೇದಿ ಚೆಲ್ಲು. ಆಮೇಲೆ ಕುಡಿಯಿರಿ” ಎಂದವನೇ ಪಾಠಕ್ಕೆ ತಿರುಗಿದ.

ಇಲಿ ಕೊಳೆತಿತ್ತು. ಕೇರಿಯಲ್ಲಿ ವಾಂತಿಭೇದಿ ಹಬ್ಬಿತು. ಕೆಲವೇ ದಿನಗಳಲ್ಲಿ ಅದೇ ರೈತ ತನ್ನ ಮಗಳ ಶವ ಹೊತ್ತು ಅದೇ ಮಸೀದಿಗೆ ಬಂದ. ಜನಾಜಾ ನಮಾಜಿಗೆ ಮುಂದೆ ನಿಲ್ಲಬೇಕಾದವನು ಆ ವಿದ್ವಾಂಸನೇ. ರೈತ ಎಲ್ಲರೆದುರು ತನ್ನ ಕೊರಳಪಟ್ಟಿ ಹಿಡಿಯುತ್ತಾನೆ ಎಂದುಕೊಂಡ. ಅವನು ಹಿಡಿದಿದ್ದರೇ ಒಳ್ಳೆಯದಿತ್ತು.

“ನೀರು ನಾರುತ್ತಿದೆ, ಬೇಡ ಅಂತ ಮಗು ಹಟ ಮಾಡಿತ್ತು ಸಾಹೇಬರೇ. ತಾವು ಹೇಳಿದ ಮೇಲೆ ಇನ್ನೇನು ಎಂದು ನಾನೇ ಗದರಿಸಿ ಕುಡಿಸಿದೆ” ಎಂದ ರೈತ.

ಉಸ್ತಾದರು ಕತೆ ನಿಲ್ಲಿಸಿದರು. ಹೊರಗೆ ಯಾರೋ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದರು. ಶುಐಬ್ ಎದ್ದು ನಿಂತ.

“ಈಗ ಮೊದಲಿಗಿಂತ ಹೆಚ್ಚು ಹೆದರಿಕೆಯಾಗುತ್ತಿದೆ ಉಸ್ತಾದರೇ. ನನ್ನಿಂದಾಗದು.”

“ಅದು ಹೋದ ದಿನ ನನಗೆ ಹೇಳು, ಅಂದೇ ನಿನ್ನನ್ನು ಆ ಕಂಬದ ಬುಡದಿಂದ ಎಬ್ಬಿಸುತ್ತೇನೆ.”