ಸಿಂಗಿ ಸುತ್ತಿ ನೋಡಿದ ಚುಕ್ಕಿ

ಕೇಳ್ರೋ ಮಕ್ಕಳೇ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ನನ್ನ ಪೊದೆಮೀಸೆಯಾಣೆ! ಎಂಟು ಕಾಡು ಸುತ್ತಿ, ಚಿಟ್ಟೆಗಳ ಬಾಯಿಂದಲೇ ಕೇಳಿ ಬಂದ ಮಾವ ಈ ಭೂಮಿ ಮೇಲೆ ನಾನೊಬ್ಬನೇ.

ಭೂಮಿ ಹೊಸದಾಗಿದ್ದಾಗ, ಬೆಟ್ಟಗಳ ಮಣ್ಣು ಇನ್ನೂ ಹಸಿಯಾಗಿದ್ದಾಗ, ಚಿಟ್ಟೆಗಳೆಲ್ಲ ಒಂದೇ ಮಸಿಬಣ್ಣ. ಕರಿಬೇವು ತಿಂದು ಬೆಳೆದವರೂ ಮಸಿ, ಎಕ್ಕದೆಲೆ ತಿಂದು ಬೆಳೆದವರೂ ಮಸಿ.

ಕರಿಬೇವಿನ ಗಿಡದ ಸಿಂಗಿಗೆ ಯಾರನ್ನು ಕಂಡರೂ ಅನುಮಾನ. ಇರದೆ ಏನು? ಅವಳಕ್ಕ ಗೊತ್ತಿಲ್ಲದೆ ಎಕ್ಕದವನನ್ನು ಮದುವೆಯಾಗಿದ್ದಳು. ಹುಟ್ಟಿದ ಮರಿಗಳು ಕರಿಬೇವನ್ನೂ ಮುಟ್ಟಲಿಲ್ಲ, ಎಕ್ಕವನ್ನೂ ಮುಟ್ಟಲಿಲ್ಲ. ಹಸಿದೇ ಸತ್ತುಹೋದವು.

“ನನ್ನ ಮರಿಗಳಿಗೆ ಹಾಗಾಗಬಾರದು,” ಅಂದುಕೊಂಡಳು ಸಿಂಗಿ. ಒದ್ದೆಮಣ್ಣಿನ ರಸ ಹೀರಲು ಬಂದ ಗಂಡುಗಳನ್ನೆಲ್ಲ ಕೇಳಿದಳು: “ನೀವು ಯಾವ ಎಲೆಯವರು?”

“ಕರಿಬೇವು!” ಅಂದರು ಎಲ್ಲರೂ, ಕಣ್ಣು ಮಿಟುಕಿಸದೆ. ಚಿಟ್ಟೆಗೆ ರೆಪ್ಪೆಯೇ ಇಲ್ಲ, ಮಿಟುಕಿಸುವುದು ಹೇಗೆ?

ಸಿಂಗಿ ಹೊಳೆಯ ಹತ್ತಿರ ಹೋದಳು. “ಹೊಳೆಯಕ್ಕಾ, ಬಾಯಿಮಾತು ನಂಬಲಾರೆ. ಒಂದು ಗುರುತು ಕೊಡು.”

ಹೊಳೆ ಬಿಳಿಮಣ್ಣು ಕೊಟ್ಟಿತು. “ಗೂಡೊಡೆದು ಬಂದಾಗ ರೆಕ್ಕೆ ಒದ್ದೆ ಇರುತ್ತಲ್ಲ, ಆಗ ಹಚ್ಚು. ಒಣಗಿದ ಮೇಲೆ ಹಚ್ಚಿದರೆ ನಿಲ್ಲಲ್ಲ.”

ಸಿಂಗಿ ಕರಿಬೇವಿನ ಗಿಡದಲ್ಲೇ ಕಾದು ಕೂತಳು. ಗೂಡೊಡೆದು ಬಂದ ಪ್ರತಿಯೊಬ್ಬರ ಒದ್ದೆ ರೆಕ್ಕೆಗೂ ಬಿಳಿಚುಕ್ಕಿಯ ಸಾಲಿಟ್ಟಳು. ಇದನ್ನು ನೋಡಿ ಎಕ್ಕದವರೂ ತಮ್ಮವರಿಗೆ ಕೆಮ್ಮಣ್ಣು ಬಳಿದರು.

ಮರುದಿನ ಚುಕ್ಕಿಯವನೊಬ್ಬ ಬಂದ. “ನಾನು ಸುಣ್ಣಪ್ಪ. ಕರಿಬೇವಿನವನೇ. ಬೇಕಾದರೆ ಚುಕ್ಕಿ ನೋಡು.”

“ನೋಡದೆ ಬಿಡ್ತೀನಾ?” ಸಿಂಗಿ ಪಟಪಟ ರೆಕ್ಕೆ ಬೀಸುತ್ತ ಅವನ ಸುತ್ತ ಸುತ್ತಿದಳು.

“ಇದೇನಮ್ಮಾ, ವರನನ್ನು ನೋಡ್ತಿದ್ದೀಯೋ, ಕಳ್ಳನನ್ನೋ?”

“ಅದೇ ಗೊತ್ತಾಗಬೇಕಲ್ಲ!”

ಮೂರನೇ ಸುತ್ತಿಗೆ ಚುಕ್ಕಿಗಳು ಪುಡಿಪುಡಿಯಾಗಿ ಉದುರಿದವು. ಅಡಿಯಲ್ಲಿ ಕೆಮ್ಮಣ್ಣು! ಸುಣ್ಣಪ್ಪ ಎಕ್ಕದ ಪೊದೆಗೆ ಪರಾರಿ.

ಆಮೇಲೆ ಇನ್ನೊಬ್ಬ ಬಂದ, ಮಾತೇ ಆಡದವನು. ಅವನ ಮೇಲೆ ಇನ್ನೂ ಜಾಸ್ತಿ ಅನುಮಾನ! ಸಿಂಗಿ ರೆಕ್ಕೆ ಬೀಸುತ್ತ ಏಳು ಸುತ್ತು ಸುತ್ತಿದಳು. ಒಂದು ಚುಕ್ಕಿಯೂ ಅಲುಗಲಿಲ್ಲ.

“ತಲೆ ತಿರುಗ್ತಿದೆ ಕಣೇ,” ಅಂದ ಕೊನೆಗೆ. ಸಿಂಗಿ ಮೊದಲ ಸಲ ನಕ್ಕಳು.

ಅವರಿಬ್ಬರ ಮರಿಗಳು ಕರಿಬೇವಿನ ಗಿಡವನ್ನೇ ಬೋಳಿಸಿಬಿಟ್ಟವು. ಚುಕ್ಕಿಯವರು ಚುಕ್ಕಿಯವರನ್ನೇ, ಕೆಂಪಿನವರು ಕೆಂಪಿನವರನ್ನೇ ಮೆಚ್ಚುತ್ತ ಮೆಚ್ಚುತ್ತ ಎರಡು ಬೇರೆ ಬಗೆಯ ಚಿಟ್ಟೆಗಳೇ ಆಗಿಹೋದರು. ರಸ ಹೀರುವುದು ಮಾತ್ರ ಈಗಲೂ ಒಂದೇ ಕೆಸರಿನಲ್ಲಿ, ಅಕ್ಕಪಕ್ಕ ಕೂತು.

ಅದಕ್ಕೇ ಇವತ್ತಿಗೂ ಅಂಗಳದಲ್ಲಿ ಎರಡು ಚಿಟ್ಟೆ ಗಿರಗಿರ ಸುತ್ತಿದರೆ ಆಟ ಅಂದುಕೊಳ್ಳಬೇಡಿ. ಬಣ್ಣ ಉದುರುತ್ತೋ ಇಲ್ಲವೋ ಅಂತ ಪರೀಕ್ಷೆ ಅದು.

ಹೂಂ, ಒಂದು ಸಣ್ಣ ವಿಷಯ ಮಾತ್ರ ನಾನೇ ಕಟ್ಟಿದ್ದು: ಸುಣ್ಣಪ್ಪ ಅನ್ನುವ ಹೆಸರು. ನಿಜವಾದ ಹೆಸರನ್ನು ಆ ಕಳ್ಳ ಸಿಂಗಿಗೂ ಹೇಳಲಿಲ್ಲ, ನನಗೂ ಹೇಳಲಿಲ್ಲ.